ಎಮ್ಮೆ ಮಿಂದ ನೀರು

ಇವತ್ತು ಬೆಳಿಗ್ಗೆ ಗಂಜಿಯ ಪಾತ್ರೆಯ ಮುಚ್ಚಳ ತೆಗೆದೆ ನೋಡಿ, ಹಬೆ ನುಗ್ಗಿ ಕನ್ನಡಕವೆಲ್ಲ ಮಂಜಾಯಿತು. ಮುಚ್ಚಳದ ಅಂಚಿನಿಂದ ಒಂದು ಹನಿ ತೊಟ್ಟಿಕ್ಕಿತು. ಒಬ್ಬಳೇ ನಿಂತು ನಕ್ಕೆ. ಸೊಸೆ ಬಂದು ಏನಾಯಿತೆಂದು ಕೇಳಿದಳು. ಎಮ್ಮೆ ನೆನಪಾಯಿತು ಎಂದೆ. ಅವಳು ಹೆಚ್ಚು ಕೆದಕಲಿಲ್ಲ. ವಯಸ್ಸಾದವರಿಗೆ ಇದೊಂದು ಅನುಕೂಲ. ನಿಮಗಾದರೂ ಹೇಳಿಬಿಡುತ್ತೇನೆ.

ಆಗ ನನಗೆ ಹತ್ತೊಂಬತ್ತು. ಗುಂಡ್ಲುಪೇಟೆಯಿಂದ ಗಡಿಯಾಚೆಯ ಬತ್ತೇರಿಯ ಸೋದರಮಾವನ ಮನೆಗೆಂದು ಬಂದವಳು, ಯಾರೋ ಕೇಳಿದರೆಂದು ಅಲ್ಲಿಯ ಚೇಕಾಡಿ ಎಂಬ ಕಾಡಂಚಿನ ಹಳ್ಳಿಗೆ ಹೋಗಿ ಟೀಚರ್ ಆಗಿಬಿಟ್ಟಿದ್ದೆ. ತಿರುವಾಂಕೂರಿನ ಕಡೆಯ ಜನ ಘಾಟಿ ಹತ್ತಿ ಬಂದು, ಕಾಡು ಕಡಿದು, ಮರಗೆಣಸು ನೆಡುತ್ತಿದ್ದ ಕಾಲ. ಗದ್ದೆಯಂಚಿನ ಹುಲ್ಲಿನ ಚಪ್ಪರವೇ ಶಾಲೆ. ಅರ್ಧ ಮಕ್ಕಳು ಮನೆಯಲ್ಲಿ ಕನ್ನಡ ಆಡುವವರು, ಅರ್ಧ ಹೊಸದಾಗಿ ಬಂದ ಮಲಯಾಳಿಗಳು. ನನ್ನ ಬಳಿ ಇದ್ದದ್ದು ಒಂದೇ ಕನ್ನಡ ಪುಸ್ತಕ. ನಾನು ಓದುತ್ತಿದ್ದೆ, ಬಂದ ಆರು ತಿಂಗಳಲ್ಲೇ ಕನ್ನಡ ಕಲಿತಿದ್ದ ಏಲಿ ಎಂಬ ಹುಡುಗಿ ಉಳಿದ ಹೊಸಬರಿಗೆ ಮಲಯಾಳದಲ್ಲಿ ಹೇಳುತ್ತಿದ್ದಳು. ತನ್ನದೂ ಸ್ವಲ್ಪ ಸೇರಿಸುತ್ತಿದ್ದಳೆಂದು ಆಮೇಲೆ ಗೊತ್ತಾಯಿತು.

ಒಂದು ಮಧ್ಯಾಹ್ನ ಮಳೆಯ ಪಾಠ ತೆಗೆದೆ. ಹೊಳೆಯ ನೀರು, ಗದ್ದೆಯ ನೀರು ಎಲ್ಲ ಆವಿಯಾಗಿ ಮೇಲೇರುತ್ತದೆ, ಮೋಡವಾಗುತ್ತದೆ, ತಿರುಗಿ ಮಳೆಯಾಗಿ ನಮ್ಮ ಬಾವಿಗೇ ಬರುತ್ತದೆ ಎಂದು ರಾಗವಾಗಿ ಓದಿದೆ. ಎಂಟು ವರ್ಷದ ಕಾಳಿ, ನನ್ನ ತರಗತಿಯಲ್ಲಿ ಅಕ್ಷರದ ಮೇಲೆ ಬೆರಳಿಡದೆ ಓದುತ್ತಿದ್ದ ಒಬ್ಬಳೇ ಹುಡುಗಿ, ಎದ್ದು ನಿಂತಳು.

"ಎಮ್ಮೆ ಮೀಯೋ ನೀರೂನಾ ಟೀಚರೆ?"

ಮಗು ಪ್ರಶ್ನೆ ಕೇಳಿತಲ್ಲ ಎಂದು ನಾನು ಉಬ್ಬಿಹೋದೆ. ಅದೂ ಸೇರಿ ಎಂದೆ. ಎಮ್ಮೆ ಅದರೊಳಗೇ ಉಚ್ಚೆ ಹೊಯ್ಯುವುದೂ ಸೇರಿಯೋ ಎಂಬ ಮುಂದಿನ ಪ್ರಶ್ನೆಗೂ ಧಾರಾಳವಾಗಿ ಹೌದೆಂದೆ. ಅಷ್ಟರಲ್ಲಿ ಮಳೆ ಶುರುವಾಯಿತು. ಉಳಿದ ಒಂದು ಪುಟ ನಾಳೆಗಿರಲಿ ಎಂದು ಮಕ್ಕಳನ್ನು ಕಳಿಸಿ, ನನ್ನಂಥ ಟೀಚರ್ ಈ ಸೀಮೆಯಲ್ಲೇ ಇಲ್ಲವೆಂದುಕೊಂಡು ಕುಣಿಯುತ್ತಾ ಮನೆಗೆ ಹೋದೆ.

ಮರುದಿನ ಬಂದು ನೋಡಿದರೆ ಚಪ್ಪರದ ಮುಂದೆ ತಾಯಂದಿರ ದಂಡು. ಮಕ್ಕಳ ತುಟಿಗಳೆಲ್ಲ ಒಣಗಿದ್ದವು. ಹಿಂದಿನ ಸಂಜೆಯಿಂದ ಒಬ್ಬರೂ ನೀರು ಮುಟ್ಟಿರಲಿಲ್ಲ. ಕಾಳಿಯ ಅಜ್ಜಿ ಮಾದಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದರು.

"ಎಂತ ಓದಿಸಿದ್ರಿ ಟೀಚರೆ? ನಮ್ ಕುಟ್ಟಿ ನೀರ್ ಕಂಡ್ರೆ ಎಮ್ಮೆ ಎಮ್ಮೆ ಅಂತದೆ."

ಕಾಳಿ ಅಜ್ಜಿಯ ಸೊಂಟಕ್ಕೆ ಒರಗಿ ಬಾಡಿದ ಸೊಪ್ಪಿನಂತಿದ್ದಳು. ಏಲಿಯ ತಾಯಿ, ಇದೇ ಓದಾದರೆ ಮಗಳು ಗೆಣಸಿನ ಹೊಲಕ್ಕೇ ಬರಲಿ ಎಂದರು.

ಒಲೆ ಹೂಡಿದೆ. ಎಲ್ಲಕ್ಕಿಂತ ಕೊಳಕು ನೀರು ತನ್ನಿ ಎಂದೆ. ಏಲಿಯ ತಾಯಿ ಬಹಳ ಉತ್ಸಾಹದಿಂದ ಎಮ್ಮೆಯ ಹೊಟ್ಟೆಯ ಪಕ್ಕದಿಂದಲೇ ಮಡಕೆ ತುಂಬಿ ತಂದರು. ಅದು ಕುದಿಯಿತು, ವಾಸನೆಗೆ ನಾಯಿಯೂ ಎದ್ದುಹೋಯಿತು. ಆವಿಗೆ ತಣ್ಣನೆಯ ಕಂಚಿನ ತಟ್ಟೆ ಓರೆಯಾಗಿ ಹಿಡಿದೆ. ಹನಿಗಳು ಮೂಡಿದವು, ಸೇರಿದವು, ಲೋಟಕ್ಕೆ ಇಳಿದವು. ತಿಳಿಯಾಗಿದ್ದವು. ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಿದ್ದಾಗ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ. ವಾಸನೆ ಇಲ್ಲವೇ ಇಲ್ಲ ಎಂದು ಹೇಳಲಾರೆ. ಆದರೆ ಮುಖ ಮಾತ್ರ ನಗುತ್ತಲೇ ಇತ್ತು.

ಆಮೇಲೆ ಪುಸ್ತಕವನ್ನು ಕಾಳಿಯ ಕೈಗೆ ಕೊಟ್ಟೆ. ಉಳಿದ ಪುಟವನ್ನು ಅವಳೇ ಒಣ ಗಂಟಲಲ್ಲಿ ಓದಿದಳು: ನೀರಷ್ಟೇ ಮೇಲೇರುತ್ತದೆ, ಕೊಳೆ ಕೆಳಗೇ ಉಳಿಯುತ್ತದೆ. ಏಲಿ ಈ ಸಲ ಏನೂ ಸೇರಿಸದೆ ಹೇಳಿದಳು. ಕಾಳಿ ಪುಸ್ತಕ ಮುಚ್ಚಿ, ಬಿಂದಿಗೆಯ ಬಳಿ ಹೋಗಿ, ಮೂರು ಲೋಟ ನೀರು ಕುಡಿದಳು. ಅವಳ ಹಿಂದೆ ಮಿಕ್ಕವರು ನುಗ್ಗಿ ಬಿಂದಿಗೆಯನ್ನೇ ಉರುಳಿಸಿದರು. ಆ ಹೊತ್ತಿಗೆ ಸರಿಯಾಗಿ ಮಳೆ ಬಂತು. ಮಕ್ಕಳೆಲ್ಲ ಗದ್ದೆಗೆ ಓಡಿ, ಆಕಾಶಕ್ಕೆ ಬಾಯಿ ತೆರೆದು ಗಿರಗಿರ ತಿರುಗಿದರು. ಅವರ ಜೊತೆ ನಾನೂ.

ಹೊರಡುವಾಗ ಮಾದಮ್ಮ ನನ್ನನ್ನು ತಡೆದು, "ಓದಿದ್ರೆ ಪೂರ್ತಿ ಓದಿ ಟೀಚರೆ. ಇವು ನಂಬ್ತವೆ," ಎಂದರು.

ಇಷ್ಟು ವರ್ಷ ಈ ಕತೆಯನ್ನು ಮಕ್ಕಳ ಪೆದ್ದುತನವೆಂದು ಹೇಳಿ ಜನರನ್ನು ನಗಿಸಿದ್ದೇನೆ. ಇವತ್ತು ನಿಮಗೆ ಹೇಳುತ್ತಾ ಯಾಕೋ ಆ ಮಕ್ಕಳ ಮೇಲೆ ಹೊಟ್ಟೆಕಿಚ್ಚಾಗುತ್ತಿದೆ. ಆಮೇಲೆ ನಾನು ಓದಿದ ಪುಸ್ತಕಗಳಿಂದ ಒಂದು ಕಪಾಟು ತುಂಬಿದೆ. ಅವುಗಳಲ್ಲಿ ಒಂದನ್ನಾದರೂ ನಂಬಿ, ಒಂದು ಹೊತ್ತು ಬಾಯಾರಿಕೊಂಡು ಕೂತವಳಲ್ಲ ನಾನು.