ಹಾಸು ಎತ್ತುವ ತನಕ

ಬನಹಟ್ಟಿ. ಗೌರವ್ವನವರ ಕಟ್ಟೆಯ ಮೇಲೆ ಮುಂಜಾನೆಯ ಚಹಾ. ಮಗ್ಗಕ್ಕೆ ಏರಿಸುವ ಮುನ್ನ ಗಂಜಿ ಹಾಕಿ ಒಣಗಿಸಲು ಓಣಿಯುದ್ದಕ್ಕೂ ಸೀರೆಯ ಹಾಸು ಎಳೆದು ಕಟ್ಟಿದ್ದಾರೆ. ಅದರ ಉದ್ದನೆಯ ನೂಲು ಪಕ್ಕದ ಮನೆಗಳನ್ನೂ ದಾಟಿ ಹೋಗಿದೆ.

ನನ್ನ ಜೊತೆ ಕೂತವನು ಮೆಹ್ಮೆತ್. ಗೌರವ್ವನವರ ಮಗನ ಹೊಸ ಪವರ್‌ಲೂಮ್ ಜೋಡಿಸಲು ಬಂದ ಟರ್ಕಿಯ ಫಿಟ್ಟರ್. ಅವನ ಇಂಗ್ಲಿಷನ್ನು ನಾನು ಗೌರವ್ವನವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವನ ತಂಗಿಯನ್ನು ಉಕ್ರೇನಿನ ಒಡೆಸಾಗೆ ಕೊಟ್ಟಿದ್ದಾರೆ. ಅಲ್ಲಿ ರಷ್ಯದ ಬಾಂಬು ಬೀಳುತ್ತಿದೆ. ಇತ್ತ ಟರ್ಕಿಯಲ್ಲಿ ಅವನ ತಾಯಿಯ ಒಲೆ ಉರಿಯುವುದು ರಷ್ಯದ ಗ್ಯಾಸಿನಿಂದ.

“ಹಂಗಾರ ನಿಮ್ಮ ಸರಕಾರ ಯಾರ ಕಡೀರಿ?” ಗೌರವ್ವ ಕೇಳಿದರು.

“ಉಕ್ರೇನಿಗೆ ಡ್ರೋನ್ ಮಾರುತ್ತದೆ, ರಷ್ಯದಿಂದ ಗ್ಯಾಸ್ ಕೊಳ್ಳುತ್ತದೆ. ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತದೆ.” ಹೇಳುವಾಗ ಅವನು ತಲೆ ಎತ್ತಲಿಲ್ಲ.

ಇದೆಂಥ ನೀತಿ ಎಂದು ನಾನು ಸಿಡುಕಿದೆ. ಗೌರವ್ವ ಪಕ್ಕದ ಮನೆಯತ್ತ ಕಣ್ಣು ಹಾಯಿಸಿದರು.

“ಅವರಿಗೂ ನಮಗೂ ಮಾತಿಲ್ರಿ. ಆದ್ರ ಹಾಸು ಎತ್ತೂತನಕ ಓಣ್ಯಾಗ ಯಾರೂ ಜಗಳ ತಗಿಯಂಗಿಲ್ಲ. ನೂಲು ಹರದ್ರ ಎಲ್ಲಾರ ಹೊಟ್ಟಿಗೂ ಪೆಟ್ಟು.”

“ಎತ್ತಿದ ಮೇಲೆ?” ಮೆಹ್ಮೆತ್ ಕೇಳಿದ.

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಒಡೆಸಾದಿಂದ. ಕಿವಿಗೆ ಹಿಡಿದವನೇ ಎದ್ದ. ಆ ಗಾಬರಿಯಲ್ಲೂ ನೂಲು ದಾಟಲಿಲ್ಲ. ಹಾಸಿನ ಕೊನೆಯವರೆಗೂ ನಡೆದು, ಬಳಸಿಕೊಂಡು ಆಚೆ ಹೋಗಿ ನಿಂತ.

ಗೌರವ್ವ ಚಹಾ ಕೆಳಗಿಟ್ಟರು. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು.

“ಏನಾತಬೇ ಅವನ ಮಂದಿಗೆ?”

ಗೌರವ್ವ ಅವಳತ್ತ ತಿರುಗಿದರು.

“ಇನ್ನೂ ಮಾತಾಡಾಕತ್ತಾನ, ಯವ್ವಾ. ಬಾ, ಕುಂಡ್ರು.”