ಸತ್ತ ಕೋಶಗಳ ಎಣಿಕೆಯಕ್ಕ

ಬೆಳಗಿನ ಐದೂವರೆ. ಸಂಶೋಧನಾಲಯದ ಎರಡನೇ ಮಹಡಿಯಲ್ಲಿ ಒಂದು ಕೋಣೆಗಷ್ಟೇ ದೀಪ ಹತ್ತಿದೆ. ಕೆಳಗಿನ ಬೀದಿಯಲ್ಲಿ ಮೊದಲ ಬಸ್ಸು ಇನ್ನೂ ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ಕೋಣೆಯೊಳಗೆ ಐವತ್ತಮೂರು ವರ್ಷದ ಹೆಂಗಸೊಬ್ಬರು ಮೊಣಕೈವರೆಗೆ ಸ್ಪಿರಿಟ್ ಸವರಿಕೊಂಡು, ಕೈಗವಸು ಏರಿಸಿ, ಮನುಷ್ಯರ ಮೈಯಷ್ಟೇ ಬೆಚ್ಚಗಿರುವ ಉಕ್ಕಿನ ಪೆಟ್ಟಿಗೆಯ ಬಾಗಿಲು ತೆಗೆಯುತ್ತಾರೆ. ಒಳಗೆ ಸಾಲಾಗಿ ಮಲಗಿಸಿಟ್ಟ ಚಪ್ಪಟೆ ಬಾಟಲಿಗಳು. ಒಂದೊಂದರ ತಳದಲ್ಲೂ ಬರಿಗಣ್ಣಿಗೆ ಕಾಣದ ಕ್ಯಾನ್ಸರ್ ಕೋಶಗಳು ಅಂಟಿಕೊಂಡಿವೆ. ಅವುಗಳ ಮೇಲೆ ಕೆಂಪು ಬಣ್ಣದ ಪೋಷಕ ದ್ರವ. ಒಂದು ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಕೆಂಪು ಹೋಗಿ ಹಳದಿಯಾಗಿದೆ.

“ನೋಡಿ, ಇದು ನಿನ್ನೆ ಹಾಕಿದ್ದು. ಒಂದೇ ದಿನಕ್ಕೆ ಎಲ್ಲಾ ಖಾಲಿ ಮಾಡಿ, ಇರೋ ಜಾಗಾನೂ ಹೊಲಸು ಮಾಡ್ಕೊಂಡು ಕೂತಿದಾವೆ. ಪೀಡೆಗಳು,” ಎನ್ನುತ್ತಾ ಹಳೆಯ ದ್ರವವನ್ನು ಹೀರಿ ತೆಗೆದು ಹೊಸದನ್ನು ಸುರಿಯುತ್ತಾರೆ. “ಬೈಕೊಂಡಾದ್ರೂ ಹಾಕ್ಲೇಬೇಕು. ಇವು ಬದುಕಿದ್ರೆ ತಾನೇ, ಇವನ್ನ ಸಾಯ್ಸೋದು ಹೇಗೆ ಅಂತ ಗೊತ್ತಾಗೋದು?”

ಇಲ್ಲಿ ಎಲ್ಲರ ಬಾಯಲ್ಲೂ ಅವರು ‘ಎಣಿಕೆಯಕ್ಕ’. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದವರು. ಓದಿದ್ದು ಪಿಯುಸಿವರೆಗೆ. ತೊಳೆಯುತ್ತಾ ತೊಳೆಯುತ್ತಾ ಪಕ್ಕದ ಮೇಜಿನವರ ಕೈ ನೋಡಿ ಕೋಶ ಸಾಕುವುದನ್ನು ಕಲಿತರು, ಆಮೇಲೆ ಎಣಿಸುವುದನ್ನು. ಕೋಶಗಳಿಗೆ ನೀಲಿ ಬಣ್ಣ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬದುಕಿದ್ದು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ನೀಲಿಯಾಗುತ್ತದೆ. ಎಡಗೈಯಲ್ಲಿ ಬದುಕಿದ್ದಕ್ಕೆ ಒಂದು ಗುಂಡಿ, ಬಲಗೈಯಲ್ಲಿ ಸತ್ತದ್ದಕ್ಕೆ ಒಂದು ಗುಂಡಿ. ಟಕ್ ಟಕ್ ಎಂದು ಒತ್ತುತ್ತಾ ದಿನಕ್ಕೆ ಮೂರೂವರೆ ಸಾವಿರ ಕೋಶಗಳನ್ನಾದರೂ ಎಣಿಸುತ್ತಾರೆ. ನಲವತ್ತೆರಡು ಬಾಟಲಿಗಳಿಗೆ ಊಟ ಹಾಕುತ್ತಾರೆ. ಭಾನುವಾರವೂ ಬರುತ್ತಾರೆ. “ಭಾನುವಾರ ಅಂತ ಹೊಟ್ಟೆ ಕೇಳುತ್ತಾ?” ಎಂದು ನಗುತ್ತಾರೆ. ಕತ್ತಿನ ಹಿಂದಿನ ಎಲುಬು ಸವೆದಿದೆ. ತಲೆ ಎತ್ತಿ ಆಕಾಶ ನೋಡಲು ಈಗ ಆಗುವುದಿಲ್ಲ.

ಈ ಪ್ರಯೋಗಾಲಯ ಹುಡುಕುತ್ತಿರುವುದು ಕ್ಯಾನ್ಸರ್ ಕೋಶವನ್ನಷ್ಟೇ ಗುರುತು ಹಿಡಿದು ಹೋಗಿ ಕಚ್ಚುವ ಪ್ರತಿಕಾಯಗಳನ್ನು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥ ಮದ್ದು. ಕೋಶದ ಮೈಮೇಲೆ ಒಂದು ಗುಂಡಿ ಇರುತ್ತದಂತೆ. ಪ್ರತಿಕಾಯ ಹೋಗಿ ಅದನ್ನು ಒತ್ತಿದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ.

“ಸಾಯೋದ್ರಲ್ಲೂ ಎರಡು ಥರ ಇದೆ,” ಎಣಿಕೆಯಕ್ಕ ವಿವರಿಸುತ್ತಾರೆ. “ಒಂದು, ಮನೆ ಗುಡಿಸಿ, ಸಾಮಾನು ಕಟ್ಟಿ, ದೀಪ ಆರ್ಸಿ ಬೀಗ ಹಾಕ್ಕೊಂಡು ಹೋದ ಹಾಗೆ. ಕೋಶ ಕುಗ್ಗುತ್ತೆ, ಮಣಿಮಣಿಯಾಗಿ ಒಡೆಯುತ್ತೆ, ಪಕ್ಕದವಕ್ಕೆ ಗೊತ್ತೇ ಆಗಲ್ಲ. ಇನ್ನೊಂದು, ಗೋಡೆ ಕುಸಿದ ಹಾಗೆ. ಊದ್ಕೊಳ್ಳುತ್ತೆ, ಒಡೆಯುತ್ತೆ, ಒಳಗಿದ್ದದ್ದೆಲ್ಲ ಹೊರಗೆ. ಎರಡೂ ನೀಲಿನೇ. ಎಣಿಸೋ ಮಿಷನ್‌ಗೆ ಎರಡೂ ಒಂದೇ. ಕಣ್ಣಿಗೆ ಒಂದೇ ಅಲ್ಲ.”

ಈ ಕಣ್ಣೇ ನಾಲ್ಕು ವರ್ಷಗಳ ಹಿಂದೆ ಅವರಿಗೆ ಮುಳುವಾಯಿತು.

ಆಗ ಪ್ರಯೋಗಾಲಯದಲ್ಲಿ ಹಬ್ಬದ ವಾತಾವರಣ. ಹೊಸ ಪ್ರತಿಕಾಯವೊಂದು ನೂರು ಕೋಶಗಳಲ್ಲಿ ಎಂಬತ್ತೊಂದನ್ನು ಕೊಲ್ಲುತ್ತಿತ್ತು. ಮದ್ದು ಹಾಕದೆ ಹೋಲಿಕೆಗೆಂದು ಇಟ್ಟ ಕೋಶಗಳ ತಟ್ಟೆಯಲ್ಲಿ ಸಾಯುತ್ತಿದ್ದದ್ದು ಆರೇ ಆರು. ರಸ್ತೆಯಾಚೆಯ ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡು ರೋಗಿಗಳ ಮೇಲೆ ಮೊದಲ ಪ್ರಯೋಗಕ್ಕೆ ಪಟ್ಟಿ ಸಿದ್ಧವಾಗಿತ್ತು. ಆ ಪಟ್ಟಿಯಲ್ಲಿ ಏಳನೆಯವಳು ಎಣಿಕೆಯಕ್ಕನ ಒಬ್ಬಳೇ ತಂಗಿ.

ತಾಯಿ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ತಂಗಿಗೆ ಏಳು. ಜಡೆ ಹಾಕಿದ್ದು, ಶಾಲೆಗೆ ಕಳಿಸಿದ್ದು, ಲಿಫ್ಟ್ ಮೆಕ್ಯಾನಿಕ್ ಒಬ್ಬರಿಗೆ ಕೊಟ್ಟು ಮದುವೆ ಮಾಡಿದ್ದು ಎಲ್ಲಾ ಅಕ್ಕನೇ. ತಾವು ಮಾತ್ರ ಒಂಟಿಯಾಗಿಯೇ ಉಳಿದರು. ತಂಗಿಗೆ ಅಂಡಾಶಯದ ಕ್ಯಾನ್ಸರ್ ಬಂದು ಎರಡು ಬಗೆಯ ಔಷಧ ಸೋತಿತ್ತು. ಮೂರನೆಯದು ನಡೆಯುತ್ತಿತ್ತು. ಹೊಸ ಪ್ರಯೋಗಕ್ಕೆ ಸೇರಬೇಕಾದರೆ ಆ ಮೂರನೆಯದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸುವ ದಿನ ಗುರುವಾರ ಎಂದು ನಿಗದಿಯಾಗಿತ್ತು.

ಅದರ ಹಿಂದಿನ ವಾರ ಎಣಿಸುವ ಯಂತ್ರ ಕೆಟ್ಟು ರಿಪೇರಿಗೆ ಹೋಯಿತು. ಅದುವರೆಗೆ ಆ ಮದ್ದಿನ ತಟ್ಟೆಗಳನ್ನೆಲ್ಲ ಎಣಿಸಿದ್ದು ಯಂತ್ರವೇ. ಸೋಮವಾರ ಬೆಳಗ್ಗೆ ಎಣಿಕೆಯಕ್ಕ ಮೊದಲ ಬಾರಿ ಸ್ವತಃ ಕಣ್ಣಿಟ್ಟು ನೋಡಿದರು. ನೀಲಿ ಬೇಕಾದಷ್ಟಿತ್ತು. ಆದರೆ ಮಣಿಗಳೇ ಇರಲಿಲ್ಲ. ಎಲ್ಲಾ ಊದಿಕೊಂಡು ಒಡೆದಿದ್ದವು.

“ಗುಂಡಿ ಒತ್ತಿ ಸತ್ತಿದ್ರೆ ಹಾಗೆ ಸಾಯ್ಬಾರ್ದು. ಇದು ಬೇರೆ ಯಾರೋ ಮಾಡಿದ ಕೊಲೆ ಅನ್ನಿಸ್ತು.”

ಮದ್ದಿನ ಸೀಸೆಯ ಚೀಟಿ ಓದಿದರು. ಕೆಡದಿರಲೆಂದು ಸೇರಿಸಿದ ರಾಸಾಯನಿಕವೊಂದರ ಹೆಸರು ಇರುವೆ ಗಾತ್ರದ ಅಕ್ಷರದಲ್ಲಿತ್ತು. ಹಿಂದಿನ ಮದ್ದುಗಳ ಸೀಸೆಗಳಲ್ಲಿ ಅದಿರಲಿಲ್ಲ; ಈ ಹೊಸ ಮದ್ದಿನ ಸೀಸೆಗಳಲ್ಲಷ್ಟೇ ಬಂದಿತ್ತು, ಯಾರೂ ಗಮನಿಸಿರಲಿಲ್ಲ. ಯಾರನ್ನೂ ಕೇಳದೆ ಸೀಸೆಯ ದ್ರವವನ್ನು ಜಾಲರಿಯಂಥ ಫಿಲ್ಟರಿನಲ್ಲಿ ಸೋಸಿ ಪ್ರತಿಕಾಯವನ್ನು ಬೇರೆ ಮಾಡಿದರು. ಬರೀ ದ್ರವವನ್ನು ಒಂದು ತಟ್ಟೆಗೆ ಹಾಕಿದರು, ತೊಳೆದ ಪ್ರತಿಕಾಯವನ್ನು ಇನ್ನೊಂದಕ್ಕೆ. ಮರುದಿನ ಎಣಿಸಿದರೆ ಬರೀ ದ್ರವದ ತಟ್ಟೆಯಲ್ಲಿ ಸತ್ತದ್ದು ನೂರಕ್ಕೆ ಎಪ್ಪತ್ತೊಂಬತ್ತು. ಪ್ರತಿಕಾಯದ ತಟ್ಟೆಯಲ್ಲಿ ಎಂಟು. ಅಷ್ಟು ದಿನ ಕೊಂದದ್ದು ಮದ್ದಲ್ಲ, ಮದ್ದಿನ ಜೊತೆಗಿದ್ದ ಚಿಟಿಕೆ ವಿಷ. ಆಸ್ಪತ್ರೆಗೆ ಹೋಗುವ ಮದ್ದಿನಲ್ಲಿ ಆ ವಿಷ ಇರುವುದಿಲ್ಲ. ಅಂದರೆ ಆ ಹನ್ನೆರಡು ಜನರ ಮೈಗೆ ಹೋಗುವುದು ನೀರಿಗೆ ಸಮ.

“ಸುಳ್ಳು ಯಾಕೆ ಹೇಳ್ಲಿ, ಸುಮ್ನಿದ್ದುಬಿಡೋಣ ಅನ್ನಿಸ್ತು,” ಎನ್ನುತ್ತಾರೆ ಎಣಿಕೆಯಕ್ಕ, ಕೈಗವಸು ಬಿಚ್ಚುತ್ತಾ. “ಒಂದು ದಿನ ಸುಮ್ನಿದ್ದೆ ಕೂಡ. ನಾನೇನು ವಿಜ್ಞಾನಿನಾ? ಪಾತ್ರೆ ತೊಳೆಯೋಕೆ ಬಂದವಳು. ದೊಡ್ಡವರಿಗೆ ಗೊತ್ತಿಲ್ದಿರೋದು ನಂಗೆ ಗೊತ್ತಾಗುತ್ತಾ? ಅವಳು ಬೇರೆ ಫೋನ್ ಮಾಡಿ, ಅಕ್ಕಾ, ಗುರುವಾರ ಬಂತು ನೋಡು ಅಂತ ಮಗು ಥರ ಹೇಳ್ತಿದ್ಲು.”

ಬುಧವಾರ ಬೆಳಗ್ಗೆ ಮುಖ್ಯ ವಿಜ್ಞಾನಿಯ ಬಾಗಿಲು ತಟ್ಟಿದರು. ಅವರು ಎರಡೂ ತಟ್ಟೆಗಳನ್ನು ತಾವೇ ನೋಡಿದರು.

“ನಿಮ್ಮ ತಂಗಿ ಈ ಪಟ್ಟಿಯಲ್ಲಿದಾರೆ, ಅಲ್ವೇನಮ್ಮ?”

“ಹೌದು ಸರ್.”

“ಆದ್ರೂ ಹೇಳಿದ್ರಿ.”

“ಆದ್ರೂ ಅಲ್ಲ ಸರ್. ಅದಕ್ಕೇ ಹೇಳ್ದೆ. ನಾಳೆ ಅವಳ ಔಷಧಿ ನಿಲ್ಲಿಸ್ತಾರೆ.”

ಅವತ್ತೇ ಪ್ರಯೋಗ ನಿಂತಿತು. ಸಂಜೆ ಎಣಿಕೆಯಕ್ಕ ಆಸ್ಪತ್ರೆಗೆ ಹೋದರು. ತಂಗಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಗಂಡ. ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ತಮ್ಮ ಬಾಯಿಂದಲೇ ಕೇಳಲಿ ಎಂದು ಅಕ್ಕ ಎಲ್ಲವನ್ನೂ ಹೇಳಿದರು. ತಂಗಿ ಅಳಲಿಲ್ಲ.

“ಅಕ್ಕಾ, ನಿನ್ನ ಕಣ್ಣು ತಪ್ಪಿರಬಹುದಲ್ವಾ?”

“ಮೂರು ಸಲ ಎಣಿಸಿದೀನಿ ಕಣೇ.”

“ನಾಲ್ಕನೇ ಸಲ ಎಣಿಸು. ನನಗೋಸ್ಕರ.”

ಮರುದಿನ ಬೆಳಗ್ಗೆ ಎಣಿಕೆಯಕ್ಕ ಹೊಸ ತಟ್ಟೆಗಳಲ್ಲಿ ಮೊದಲಿಂದ ಎಲ್ಲವನ್ನೂ ಮಾಡಿದರು. ಶುಕ್ರವಾರ ಎಣಿಸಿದರು. “ಅವತ್ತು ಮಾತ್ರ ಎಣಿಕೆ ತಪ್ಪಲಿ ಅಂತ ಬೇಡ್ಕೊಂಡೆ. ಒಂದೊಂದು ನೀಲಿ ಕಂಡಾಗ್ಲೂ ಇದು ಮಣಿಯಾಗಿರ್ಲಿ, ಮಣಿಯಾಗಿರ್ಲಿ ಅಂತ. ಆಗಿರ್ಲಿಲ್ಲ.” ನೂರಕ್ಕೆ ಎಂಬತ್ತು, ಮತ್ತು ಎಂಟು. ಫೋನಿನಲ್ಲಿ ಹೇಳಿದಾಗ ತಂಗಿ “ಸರಿ ಬಿಡು” ಎಂದಳು. ಅಷ್ಟೇ.

ಮೂರನೆಯ ಔಷಧ ಮುಂದುವರಿಯಿತು. ಅದೂ ಕೈಹಿಡಿಯಲಿಲ್ಲ. ವಾಂತಿ, ಬಾಯಿ ತುಂಬ ಹುಣ್ಣು, ಎದ್ದು ಕೂರಲಾಗದ ಸುಸ್ತು. ಹನ್ನೊಂದು ವಾರಕ್ಕೆ ತಂಗಿ ಹೋದಳು. ಮಣ್ಣು ಮಾಡಿ ಬಂದ ಸಂಜೆ ತಂಗಿಯ ಗಂಡ ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಎಣಿಕೆಯಕ್ಕ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. “ಅತ್ತಿಗೆ, ನಿಮ್ಮ ಎಣಿಕೆ ಸರಿನೇ ಇರಬಹುದು. ಆದ್ರೆ ಅವಳ ಮುಖ ಆರಿಹೋಗಿದ್ದು ಆ ಬುಧವಾರವೇ. ಆಮೇಲಿನ ಹನ್ನೊಂದು ವಾರ ನನ್ನ ಜೊತೆ ಇದ್ದವಳು ಅವಳಲ್ಲ.” ಅಲ್ಲಿಂದಾಚೆಗೆ ಅವರು ಎಣಿಕೆಯಕ್ಕನ ಮನೆಯ ಹೊಸಿಲು ತುಳಿದಿಲ್ಲ.

ಮೂರನೇ ದಿನ ಎಣಿಕೆಯಕ್ಕ ಕೆಲಸಕ್ಕೆ ಬಂದರು. ಹಳದಿಯಾದ ಬಾಟಲಿಗಳು ಕಾಯುತ್ತಿದ್ದವು. “ಕೋಪ ಬಂತು. ನನ್ನ ತಂಗಿ ಇಲ್ಲ, ಇವು ಮಾತ್ರ ಇದಾವಲ್ಲ ಅಂತ. ಒಂದು ಬಾಟಲಿ ಎತ್ತಿ ಸಿಂಕಿಗೆ ಸುರಿಯೋಕೆ ಹೋದೆ. ಆಮೇಲೆ ಸುರೀಲಿಲ್ಲ. ಊಟ ಹಾಕ್ದೆ.”

ಹಿಂತೆಗೆದುಕೊಂಡ ಫಲಿತಾಂಶದ ಬಗ್ಗೆ ಪತ್ರಿಕೆಯಲ್ಲಿ ಬಂದ ಪ್ರಕಟಣೆಯಲ್ಲಿ ‘ಸಿಬ್ಬಂದಿಯೊಬ್ಬರು ಗಮನಕ್ಕೆ ತಂದಂತೆ’ ಎಂದಷ್ಟೇ ಇದೆ. ಮುಖ್ಯ ವಿಜ್ಞಾನಿ ಹೆಸರು ಹಾಕುತ್ತೇನೆಂದರೂ ಬೇಡವೆಂದವರು ಎಣಿಕೆಯಕ್ಕನೇ. ತಂಗಿಯ ಗಂಡ ಓದಿದರೆ ಎಂಬ ಅಳುಕು. ಆದರೂ ಒಂದು ಗುರುತು ಉಳಿದಿದೆ. ಈಗ ಯಾವ ಹೊಸ ಸೀಸೆ ಬಂದರೂ ಮೊದಲು ಅದರ ಬರೀ ದ್ರವವನ್ನು ಒಂದು ತಟ್ಟೆಗೆ ಹಾಕಿ ನೋಡುವುದು ಇಲ್ಲಿಯ ಕಟ್ಟಳೆ. ಅದಕ್ಕೆ ‘ಅಕ್ಕನ ತಟ್ಟೆ’ ಎಂದೇ ಹೆಸರು. ಈ ನಾಲ್ಕು ವರ್ಷಗಳಲ್ಲಿ ಅಕ್ಕನ ತಟ್ಟೆ ಇನ್ನೆರಡು ಸುಳ್ಳು ಮದ್ದುಗಳನ್ನು ಹಿಡಿದುಕೊಟ್ಟಿದೆ. ಅದನ್ನು ದಾಟಿದ ಒಂದು ಪ್ರತಿಕಾಯವನ್ನು ಒಂಬತ್ತು ರೋಗಿಗಳಿಗೆ ಕೊಟ್ಟಿದ್ದಾರೆ. ಮೂವರಲ್ಲಿ ಗೆಡ್ಡೆ ಬೆಳೆಯುವುದು ನಿಂತಿದೆ. ಇಬ್ಬರು ತೀರಿಕೊಂಡಿದ್ದಾರೆ. ಉಳಿದವರ ಬಗ್ಗೆ ಈಗಲೇ ಏನೂ ಹೇಳಲಾಗದು. ಆ ಒಂಬತ್ತು ಮಂದಿಯಲ್ಲಿ ಒಬ್ಬರನ್ನೂ ಎಣಿಕೆಯಕ್ಕ ನೋಡಿಲ್ಲ.

ಹೋದ ತಿಂಗಳು ಈ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ರಿಪೇರಿಗೆ ಬಂದವರು ತಂಗಿಯ ಗಂಡ. ಎರಡನೇ ಮಹಡಿಯಲ್ಲಿ ಕೆಲಸ ಮುಗಿಸಿ, ಹೋಗುವಾಗ ಈ ಕೋಣೆಯ ಗಾಜಿನ ಬಾಗಿಲ ಮುಂದೆ ಒಂದು ಗಳಿಗೆ ನಿಂತರು. ತಲೆ ನೆರೆತಿತ್ತು. ಎಣಿಕೆಯಕ್ಕ ಎದ್ದುಹೋಗಿ ಬಾಗಿಲು ತೆಗೆದರು.

“ಬನ್ನಿ ಒಳಗೆ. ಒಂದು ಸಲ ನೋಡಿ ಹೋಗಿ. ಮಣಿಯಾಗೋದು ಹೇಗೆ, ಒಡೆಯೋದು ಹೇಗೆ, ಎರಡೂ ಇಟ್ಟಿದೀನಿ.”

ಅವರು ತಮ್ಮ ಅಂಗೈಗಳನ್ನು ತೋರಿಸಿದರು. “ಕೈಯೆಲ್ಲ ಗ್ರೀಸಾಗಿದೆ, ಅತ್ತಿಗೆ,” ಎಂದು ಮೆಟ್ಟಿಲಿಳಿದು ಹೋದರು.

ಏನಾದರೂ ಆಸೆ ಉಳಿದಿದೆಯೇ ಎಂದರೆ ಎಣಿಕೆಯಕ್ಕ ಸೂಕ್ಷ್ಮದರ್ಶಕದ ಕಣ್ಣನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಾರೆ.

“ಗ್ರೀಸ್ ತೊಳ್ಕೊಂಡು ಬರೋಕೆ ಎಷ್ಟು ಹೊತ್ತು ಬೇಕು ಹೇಳಿ? ನಾಲ್ಕು ವರ್ಷಕ್ಕೆ ಬಾಗಿಲವರೆಗೆ ಬಂದಿದಾರೆ, ಒಳಗೂ ಬರ್ತಾರೆ. ಒಂದೇ ಒಂದು ಸಲ ಕಣ್ಣಿಟ್ಟು ನೋಡಿದ್ರೆ ಸಾಕು ನಂಗೆ. ಎಣಿಸೋದೇನೂ ಬೇಡ ಅವರು. ಅದನ್ನ ನಾನು ಎಣಿಸಿದೀನಿ.”