ಅಜ್ಜಿಯ ಪ್ರಸ್ಥಾನ, ರೈಲಿನ ವೇಗ

ಬಾಗಲಕೋಟೆಯ ನಮ್ಮ ಮನೆಗೆ ರೈಲಿನ ಕೂಗು ಕೇಳುತ್ತಿತ್ತು. ಕೇಳಿದೊಡನೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ನಾನು ಎಲ್ಲೋ ಹೋಗಿಬಿಡುತ್ತಿದ್ದೆ. ‘ಈಕಿಗೆ ಎಚ್ಚರಿದ್ದಾಗನ ಕನಸು ಬೀಳ್ತಾವ’ ಎಂದು ಅಜ್ಜಿ ಬೈಯುತ್ತಿದ್ದಳು. ಅದು ಐವತ್ತರ ದಶಕ, ನನ್ನ ಮ್ಯಾಟ್ರಿಕ್ ವರ್ಷ. ಆರುತಿಂಗಳ ಪರೀಕ್ಷೆಯಲ್ಲಿ ವಿಜ್ಞಾನ ಪಾಸಾಗದಿದ್ದರೆ ಶಾಲೆ ಬಿಡಿಸುತ್ತೇನೆ ಎಂದು ಅಪ್ಪ ಹೇಳಿದ್ದರು. ನನಗೋ ಓದುವ ಆಸೆ ಬೆಟ್ಟದಷ್ಟಿತ್ತು.

ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಸರಳವಾಗಿತ್ತು. ಸ್ಟೇಷನ್ನಿನಿಂದ ಹೊರಟ ರೈಲಿನ ವೇಗ ಪ್ರತಿ ಸೆಕೆಂಡಿಗೆ ಎರಡು ಅಡಿಯಂತೆ ಹೆಚ್ಚುತ್ತದೆ. ಇಪ್ಪತ್ತು ಸೆಕೆಂಡಿನ ನಂತರ ಅದರ ವೇಗವೆಷ್ಟು? ಸೂತ್ರ ಬಾಯಿಪಾಠ: ವೇಗೋತ್ಕರ್ಷವನ್ನು ಕಾಲದಿಂದ ಗುಣಿಸಿ ಆರಂಭದ ವೇಗಕ್ಕೆ ಕೂಡಿಸಬೇಕು. ಆದರೆ ಆರಂಭದ ವೇಗ ಎಲ್ಲಿ? ಕಣ್ಣೆದುರು ಹೊಗೆ, ಬೇವಿನ ನೆರಳು, ಮೆಲ್ಲಗೆ ಜರುಗುವ ಡಬ್ಬಿಗಳು. ಹಿಂದಿನ ವಾರವಷ್ಟೇ ಅಜ್ಜಿ ಬಾದಾಮಿಗೆ ಹೋಗಿ ಬಂದಿದ್ದಳು. ಹೊರಡುವ ದಿನ ಒಳ್ಳೆಯದಲ್ಲವೆಂದು ಮುನ್ನಾದಿನವೇ ಸೀರೆಯ ಗಂಟನ್ನು ಎದುರುಮನೆಯಲ್ಲಿಟ್ಟು ಪ್ರಸ್ಥಾನ ಮಾಡಿದ್ದಳು. ಗಂಟು ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದಂತೆಯೇ. ನಮ್ಮವರೆಲ್ಲ ಹೊರಡುವ ಮೊದಲೇ ಹೊರಟಿರುವಾಗ ರೈಲೊಂದು ಯಾಕೆ ಸೊನ್ನೆಯಿಂದ ಹೊರಡಬೇಕು? ‘ಆರಂಭದ ವೇಗ ಕೊಟ್ಟಿಲ್ಲ, ಉತ್ತರ ಬರುವುದಿಲ್ಲ’ ಎಂದು ಧೈರ್ಯವಾಗಿ ಬರೆದೆ.

ಆ ಒಂದು ಲೆಕ್ಕದಿಂದ ನಪಾಸಾದೆ. ಫಲಿತಾಂಶ ಬಂದ ಸಂಜೆ ವಿಜ್ಞಾನದ ಮಾಸ್ತರರು ಮನೆಗೇ ಬಂದು, ಅಪ್ಪನ ಎದುರಿಗೆ, ಯಾಕೆ ಹೀಗೆ ಬರೆದೆ ಎಂದು ಕೇಳಿದರು. ಗಂಟಿನ ವಿಷಯ ಹೇಳಿದೆ.

‘ನನ್ನ ಗಂಟು ನಿಮ್ಮ ಸಾಲಿ ಪರೀಕ್ಷೆದಾಗ ಯಾಕ ಬಂತು?’ ಎಂದು ಅಜ್ಜಿ ಒಳಗಿನಿಂದಲೇ ಕೂಗಿದಳು.

ಮಾಸ್ತರರು ನಗಲಿಲ್ಲ. ‘ಗಂಟು ಎದುರುಮನಿಗೆ ಹೋತು. ಆ ರಾತ್ರಿ ಅಜ್ಜಿ ಎಲ್ಲಿದ್ರು?’

‘ಇಲ್ಲೇ ಮಲಗಿದ್ಲುರಿ.’

‘ಮತ್ತ ರೈಲು?’

‘ಸ್ಟೇಷನ್‌ದಾಗ ನಿಂತಿತ್ತು...’ ಎನ್ನುತ್ತಿದ್ದಂತೆ ನನಗೆ ಹೊಳೆಯಿತು. ‘ಸೊನ್ನಿರಿ! ಸೆಕೆಂಡಿಗೆ ನಲವತ್ತು ಅಡಿ.’

ಮಾಸ್ತರರು ಅಪ್ಪನ ಕಡೆ ತಿರುಗಿದರು. ‘ಮಾರ್ಕ್ಸ್ ಕೊಡ್ಲಿಕ್ಕೆ ಬರೂದಿಲ್ಲ, ರಾಯರ. ಆದ್ರ ಉಳಿದವರೆಲ್ಲಾ ಸುಮ್ನ ಸೊನ್ನಿ ಹಾಕಿದ್ರು. ಯಾಕ ಸೊನ್ನಿ ಅಂತ ವಿಚಾರ ಮಾಡಿದಾಕಿ ಈಕಿ ಒಬ್ಬಾಕಿನ.’

ಅಪ್ಪ ಕಂದೀಲನ್ನು ನನ್ನ ಹತ್ತಿರಕ್ಕೆ ಸರಿಸಿದರು.

‘ಮ್ಯಾಟ್ರಿಕ್‌ಗೆ ಇನ್ನೂ ಟೈಮ್ ಅದ,’ ಎಂದರು. ‘ಕೂಡ್ರಿ ಮಾಸ್ತರ್ರ, ಈಕಿಗೆ ಇನ್ನೊಂದು ಲೆಕ್ಕ ಕೊಡ್ರಿ.’